ಕಷ್ಟ ಇನ್ನೂ ಮುಗಿಯದಿರುವಾಗ ಕೃಪೆಯ ಸಾಕ್ಷಿ ಹೇಳುವುದು ಹೇಗೆ?

ಪ್ರಶ್ನೆ: ದಾವಣಗೆರೆಯ ಸಹೋದರಿ

ಬರುವ ಕೃತಜ್ಞತಾ ಆರಾಧನೆಯಲ್ಲಿ ಸಾಕ್ಷಿ ಹೇಳಬೇಕೆಂದು, ಅಂದರೆ ದೇವರು ನನ್ನ ಬಾಳಿನಲ್ಲಿ ಮಾಡಿದ್ದನ್ನು ಸಭೆಯ ಮುಂದೆ ಹೇಳಬೇಕೆಂದು, ನಮ್ಮ ಸಭೆಯ ಹಿರಿಯರು ನನ್ನನ್ನು ಕೇಳಿದ್ದಾರೆ. ಕೇಳಿದ್ದು ಪ್ರೀತಿಯಿಂದಲೇ, ಆದರೆ ಒಪ್ಪಿಕೊಳ್ಳುವುದಕ್ಕೆ ನನಗೆ ಬಾಯಿ ಬರುತ್ತಿಲ್ಲ. ಯಜಮಾನರ ಎರಡೂ ಮೂತ್ರಪಿಂಡಗಳು ಕೈಕೊಟ್ಟ ಮೇಲೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ನಡೆಯುತ್ತಿದೆ. ಊರಿನ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದ ಕಾಲದಲ್ಲಿ ತಮ್ಮ ತಂದೆ ಕೆಲಸ ಕಳೆದುಕೊಂಡದ್ದನ್ನು ಕಂಡವರಾದ್ದರಿಂದ, ಸ್ವಂತದ್ದೊಂದು ಇರಲಿ ಎಂದು ಅವರು ಮಂಡಕ್ಕಿ ಭಟ್ಟಿ ಹಿಡಿದಿದ್ದರು. ಈಗ ಭಟ್ಟಿಯ ಝಳದಲ್ಲಿ ನಿಲ್ಲಲು ಅವರಿಂದಾಗದು. ಅದನ್ನು ಬೇರೆಯವರಿಗೆ ವಹಿಸಿಕೊಟ್ಟು, ನಾನು ಹೊಲಿಗೆಯಿಂದ ಮನೆ ನಡೆಸುತ್ತಿದ್ದೇನೆ.

ಮೂತ್ರಪಿಂಡದ ರೋಗಿಯ ಮನೆಯಲ್ಲಿ ನೀರಿಗೂ ಲೆಕ್ಕವಿರುತ್ತದೆ. ಬೆಳಿಗ್ಗೆ ಒಂದು ಬಾಟಲಿಯಲ್ಲಿ ಆ ದಿನದ ನೀರನ್ನು ಅಳೆದಿಟ್ಟರೆ, ಚಹಾ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲವೂ ಅದರಲ್ಲೇ ಕಳೆಯಬೇಕು. ಏಪ್ರಿಲ್ ತಿಂಗಳ ನಮ್ಮೂರಿನ ಬಿಸಿಲಿನಲ್ಲಿ ಬಾಯಾರಿದ ಮನುಷ್ಯನಿಗೆ ‘ಇನ್ನು ಸಂಜೆಗೆ’ ಎಂದು ಹೇಳುವ ಕೆಲಸ ನನ್ನದು.

ನಮ್ಮಲ್ಲಿ ಸಾಕ್ಷಿಗೆ ಒಂದು ರೂಢಿಯ ಆಕಾರವಿದೆ: ಕಷ್ಟ ಬಂತು, ಪ್ರಾರ್ಥಿಸಿದೆವು, ಕರ್ತನು ಬಿಡಿಸಿದನು. ನನ್ನ ಬಳಿ ಮೂರನೆಯ ಭಾಗವಿಲ್ಲ. ಹಾಗೆಂದು ಕೃಪೆಯೇ ಕಾಣಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ನನಗೆ ಪ್ರಾರ್ಥಿಸಲು ಆಗದೆ ಹೋದ ದಿನಗಳಲ್ಲಿ ಇತರರ ಪ್ರಾರ್ಥನೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಜ. ಮದುವೆಯಾದಂದಿನಿಂದ ಮಾತು ಕಡಿಮೆಯಾಗಿದ್ದ ನಾವಿಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಮಾತನಾಡುವುದನ್ನು ಕಲಿತದ್ದೂ ನಿಜ. ಇವನ್ನು ಸಾಕ್ಷಿ ಎನ್ನಬಹುದೇ?

ಇನ್ನೊಂದು ಮಾತು. ನಮ್ಮನ್ನು ನೋಡಲು ಬಂದವರಲ್ಲಿ ಕೆಲವರು ‘ಎಲ್ಲೋ ಏನೋ ಪಾಪವಿರಬೇಕು, ಪರೀಕ್ಷಿಸಿಕೊಳ್ಳಿ’ ಎಂದರು. ಬೇರೆ ಕೆಲವರು ‘ಈ ಕಷ್ಟವೇ ದೇವರ ಕೃಪೆ’ ಎಂದರು. ಮೊದಲನೆಯದು ಸರಿಯಲ್ಲವೆಂದು ಗೊತ್ತು. ಎರಡನೆಯದಕ್ಕೆ ಏನು ಹೇಳಬೇಕೋ ತಿಳಿಯದು. ಕೇಳಿದಾಗಲೆಲ್ಲ ಒಳಗೆ ಏನೋ ಮುರಿದಂತಾಗುತ್ತದೆ. ಸತ್ಯವೇದವನ್ನು ಬಲ್ಲವರು, ಇಂಥದ್ದನ್ನು ದಾಟಿದವರು ದಯವಿಟ್ಟು ಉತ್ತರಿಸಬೇಕು.

ಉತ್ತರ: ಕೋಟೆನಾಡಿನ ಓದುಗ, ಚಿತ್ರದುರ್ಗ

ಸಹೋದರಿಯವರೇ, ನಾನು ನಿವೃತ್ತ ಶಿಕ್ಷಕ. ಸಭಾಪಾಲಕರು ಊರಲ್ಲಿಲ್ಲದ ಭಾನುವಾರಗಳಲ್ಲಿ ಬೋಧಿಸುವವನು. ನಿಮ್ಮ ಎರಡನೆಯ ಸಂಗತಿಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಬಿಡಿಸಿದರೆ ಮೊದಲನೆಯದು ಅರ್ಧ ಬಿಡಿಸಿದಂತೆ.

ಕೊರಿಂಥದವರಿಗೆ ಅಪೊಸ್ತಲನಾದ ಪೌಲನು ಬರೆದ ಎರಡನೆಯ ಪತ್ರಿಕೆಯ 12ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಆ ಸಭೆಯವರಿಗೆ ದರ್ಶನಗಳೆಂದರೆ ಬಹಳ ಇಷ್ಟ; ದೊಡ್ಡ ಅನುಭವಗಳನ್ನು ಹೇಳಿಕೊಳ್ಳುವ ಬೋಧಕರ ಹಿಂದೆ ಅವರು ಹೋಗುತ್ತಿದ್ದರು. ಆದ್ದರಿಂದ ಪೌಲನೂ ಮನಸ್ಸಿಲ್ಲದ ಮನಸ್ಸಿನಿಂದ ತನ್ನದೊಂದನ್ನು ಹೇಳುತ್ತಾನೆ. ಅದನ್ನೂ ‘ನಾನು’ ಎನ್ನದೆ, ಹದಿನಾಲ್ಕು ವರ್ಷಗಳ ಹಿಂದೆ ಮೂರನೆಯ ಆಕಾಶದ ತನಕ ಒಯ್ಯಲ್ಪಟ್ಟ ಒಬ್ಬ ಮನುಷ್ಯನ ಕಥೆಯೆಂಬಂತೆ ಹೇಳುತ್ತಾನೆ. ಅಲ್ಲಿ ಕೇಳಿದ ಮಾತುಗಳೋ ನುಡಿಯಬಾರದಂಥವು. ಅವುಗಳಲ್ಲಿ ಒಂದನ್ನೂ ಅವನು ಓದುಗರ ಮುಂದೆ ಇಡುವುದಿಲ್ಲ. ಅನಂತರ ಶರೀರದಲ್ಲಿ ನಾಟಿದ ಶೂಲದ ವಿಷಯ ಬರುತ್ತದೆ. ಅದು ತೊಲಗಲಿ ಎಂದು ಮೂರು ಸಲ ಬೇಡಿಕೊಂಡನು, ಅದು ತೊಲಗಲಿಲ್ಲ, ಮತ್ತು ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಸಿಕ್ಕಿತು. ಈ ಇಡೀ ಭಾಗದಲ್ಲಿ ಕರ್ತನು ತನಗೆ ಹೇಳಿದ್ದೆಂದು ಪೌಲನು ನಮಗೆ ಎತ್ತಿ ಕೊಡುವುದು ಇದೊಂದನ್ನೇ, ಕೇಳಿದ್ದನ್ನು ಕೊಡದೆ ಹೋದ ಉತ್ತರವನ್ನು. ಆ ಮೂರನೆಯ ಆಕಾಶದಲ್ಲಿ, ಅಂದರೆ ಪರದೈಸಿನಲ್ಲಿ, ಕೇಳಿದ ಮಾತುಗಳನ್ನು ಮುಚ್ಚಿಟ್ಟವನು ಇದನ್ನು ಮಾತ್ರ ಸಭೆಯ ಮುಂದೆ ಓದಿಸಲು ಬರೆದು ಕಳುಹಿಸಿದನೆಂದರೆ, ನೀವು ಹೇಳುವ ಆ ‘ಮೂರನೆಯ ಭಾಗ’ ಇಲ್ಲದ ಸಾಕ್ಷಿಗೆ ಅಪೊಸ್ತಲನ ಮೇಲ್ಪಂಕ್ತಿಯೇ ಇದೆ ಎಂದಾಯಿತು.

ಆ ಶೂಲ ಯಾವುದೆಂದು ಪೌಲನು ಹೇಳಿಲ್ಲ. ಕಣ್ಣಿನ ರೋಗವೆಂದೂ ಜ್ವರವೆಂದೂ ವಿರೋಧಿಗಳ ಕಾಟವೆಂದೂ ವ್ಯಾಖ್ಯಾನಕಾರರು ಊಹಿಸುತ್ತಲೇ ಬಂದಿದ್ದಾರೆ. ಆದರೆ ಅದನ್ನು ಅವನು ಏನೆಂದು ಕರೆದನೆಂಬುದು ಸ್ಪಷ್ಟವಾಗಿದೆ: ಸೈತಾನನ ದೂತ. ಅವನು ಶೂಲವನ್ನು ಕೃಪೆ ಎಂದು ಕರೆಯಲಿಲ್ಲ. ಶೂಲವಿದ್ದಲ್ಲಿಗೆ ಕೃಪೆ ಬಂದಿತು ಎಂದನು. ಈ ಎರಡರ ನಡುವಿನ ಅಂತರ ನಿಮಗೆ ಒಳಗೆ ಗೊತ್ತಿತ್ತು, ಅದಕ್ಕೇ ಆ ಮಾತು ನಿಮಗೆ ನುಂಗಲಾಗಲಿಲ್ಲ. ಯಜಮಾನರ ಬಾಯಾರಿಕೆಯನ್ನು ಒಳ್ಳೆಯದೆಂದು ಕರೆಯುವ ಹೊಣೆ ನಿಮ್ಮ ಮೇಲಿಲ್ಲ.

ಅದೇ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿ ಪೌಲನು ಆಸ್ಯ ಸೀಮೆಯಲ್ಲಿ ತನಗೆ ಬಂದ ಸಂಕಟವನ್ನು ನೆನೆದು, ಜೀವದ ಆಸೆಯೇ ಹೋಗಿತ್ತು ಎಂದು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಅದಕ್ಕೆ ತುಸು ಮೊದಲು, ದೇವರು ನಮ್ಮನ್ನು ಸಂತೈಸುವುದು ನಾವು ಇತರರನ್ನು ಸಂತೈಸಲು ಶಕ್ತರಾಗುವಂತೆ ಎಂದಿದ್ದಾನೆ. ಹಂಚಿಕೊಳ್ಳಬೇಕಾದದ್ದು ನಾವು ಪಡೆದ ಸಂತೈಸುವಿಕೆಯನ್ನು. ನೀವು ಪಡೆದದ್ದು ಆಸ್ಪತ್ರೆಯ ಬೆಂಚಿನ ಮೇಲಿನ ಮಾತಾದರೆ ಅದನ್ನೇ ಹೇಳಿ. ಅದಕ್ಕಿಂತ ದೊಡ್ಡದನ್ನು ಹುಡುಕಿ ತಂದು ಸೇರಿಸುವುದು ಬೇಡ.

ಉತ್ತರ: ಯುವಜನರ ಜೊತೆಗಾರ, ದಾವಣಗೆರೆ

ಮೇಲಿನ ಹಿರಿಯರ ಮಾತನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಇತ್ತೀಚೆಗೆ ಓದಿಕೊಂಡ ವಿಶ್ವಾಸಿಗಳ ನಡುವೆ, ಗುಣವಾದವರ ಸಾಕ್ಷಿ ಎಂದರೆ ಹಗುರವಾದದ್ದು, ಗುಣವಾಗದವರ ಸಾಕ್ಷಿಯೇ ಆಳವಾದದ್ದು ಎಂಬ ಇನ್ನೊಂದು ರೂಢಿ ಬೆಳೆಯುತ್ತಿದೆ. ಗೆರಸೇನರ ಸೀಮೆಯಲ್ಲಿ ದೆವ್ವಗಳಿಂದ ಬಿಡುಗಡೆ ಹೊಂದಿದವನು ತನ್ನೊಂದಿಗೆ ಬರುವೆನೆಂದು ಬೇಡಿಕೊಂಡಾಗ, ಯೇಸು ಅವನನ್ನು ಮನೆಗೆ ಕಳುಹಿಸಿ, ಕರ್ತನು ಮಾಡಿದ ಉಪಕಾರಗಳನ್ನು ಮನೆಯವರಿಗೆ ಹೇಳು ಎಂದನು. ಅವನು ದೆಕಪೊಲಿ ಎಂಬ ಆ ಸೀಮೆಯಲ್ಲೆಲ್ಲ ಸಾರಿದನು. ಅದು ನೇರವಾದ ಬಿಡುಗಡೆಯ ಸಾಕ್ಷಿ, ಮತ್ತು ಅದನ್ನು ಹೇಳಿಸಿದವನು ಸ್ವತಃ ಯೇಸು.

ನನ್ನ ಹತ್ತಿರ ಬರುವ ಹುಡುಗರಲ್ಲಿ ಹಲವರು ಮನೆಯಲ್ಲಿ ಕುಡಿತ, ಸಾಲ, ಹೊಡೆತಗಳನ್ನು ಕಂಡವರು. ದೇವರಿಂದ ಏನಾದರೂ ಬದಲಾದೀತೇ ಎಂಬುದೇ ಅವರ ಪ್ರಶ್ನೆ. ಬದಲಾಗದಿದ್ದರೂ ಸಹಿಸಿಕೋ ಎಂಬ ಉತ್ತರವನ್ನಷ್ಟೇ ಅವರು ಕೇಳಿಸಿಕೊಂಡರೆ, ಹೊಡೆತ ತಿನ್ನುವ ತಾಯಂದಿರಿಗೆ ನಮ್ಮ ಸಭೆಗಳು ಹಿಂದೆ ಕೊಟ್ಟ ಕೆಟ್ಟ ಸಲಹೆಯನ್ನೇ ಹೊಸ ಮಾತಿನಲ್ಲಿ ಕೊಟ್ಟಂತಾಗುತ್ತದೆ. ಸಹಿಸಬೇಕಾದ ಕಷ್ಟ ಬೇರೆ, ತಡೆಯಬೇಕಾದ ಕಷ್ಟ ಬೇರೆ. ಸಹೋದರಿಯವರ ಕಷ್ಟ ಮೊದಲ ಬಗೆಯದು, ಒಪ್ಪುತ್ತೇನೆ. ಆದರೂ ಅವರು ಸಾಕ್ಷಿ ಹೇಳುವ ದಿನವೇ ಹಿರಿಯರನ್ನು ಕರೆದು, ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿರುವಂತೆ ಯಜಮಾನರಿಗೆ ಎಣ್ಣೆ ಹಚ್ಚಿಸಿ ಪ್ರಾರ್ಥನೆ ಮಾಡಿಸಲಿ. ಪೌಲನೂ ಮೂರು ಸಲ ಕೇಳಿದ ಮೇಲೆ ತಾನೇ ಉತ್ತರ ಪಡೆದದ್ದು? ಕೇಳುವುದನ್ನು ಬಿಟ್ಟುಬಿಡುವುದು ನಂಬಿಕೆಯ ಪಕ್ವತೆ ಎಂದು ಯಾರೂ ತಿಳಿಯಬಾರದು.

ಉತ್ತರ: ತುಂಗಭದ್ರೆಯ ದಡ, ಹರಿಹರ

ನಾನು ಕಥೊಲಿಕ ವಿಶ್ವಾಸದವಳು, ವೃತ್ತಿಯಲ್ಲಿ ಶುಶ್ರೂಷಕಿ, ಡಯಾಲಿಸಿಸ್ ವಿಭಾಗದಲ್ಲಿ ಕೆಲಸ ಮಾಡಿದವಳು. ಹರಿಹರದ ಆರೋಗ್ಯ ಮಾತೆಯ ದೇವಾಲಯಕ್ಕೆ ಸೆಪ್ಟೆಂಬರ್ 8ರ ಹಬ್ಬದಲ್ಲಿ ಬರುವ ಜನರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಕ್ರೈಸ್ತರಷ್ಟೇ ಅಲ್ಲ, ಎಲ್ಲ ಸಮುದಾಯದವರೂ ಬರುತ್ತಾರೆ. ಕೆಲವರು ಹರಕೆ ತೀರಿಸಲು ಬಂದಿರುತ್ತಾರೆ, ಕೆಲವರು ಕಳೆದ ವರ್ಷದ ಅದೇ ಬೇಡಿಕೆಯನ್ನು ಹೊತ್ತು ಮತ್ತೆ ಬಂದಿರುತ್ತಾರೆ. ನಿಲ್ಲುವುದು ಒಂದೇ ಸಾಲಿನಲ್ಲಿ. ಯುವಜನರ ಜೊತೆಗಾರರು ಮತ್ತು ಕೋಟೆನಾಡಿನವರು ವಾದಿಸುತ್ತಿರುವ ಎರಡು ಸಾಕ್ಷಿಗಳ ನಡುವೆ ನನಗೆ ಅಷ್ಟು ದೂರ ಕಾಣಿಸದಿರುವುದಕ್ಕೆ ಬಹುಶಃ ಅದೇ ಕಾರಣ.

ನನಗೆ ಹೇಳಬೇಕೆನಿಸುವುದು ಬೇರೆ. ಮೈಕಿನ ಮುಂದೆ ಏನು ಹೇಳಬೇಕೆಂಬುದರ ಬಗ್ಗೆ ಇಷ್ಟು ಮಾತಾಯಿತು. ಕೃಪೆ ಹೆಚ್ಚಾಗಿ ಹಂಚಿಕೆಯಾಗುವುದು ಮೈಕಿಲ್ಲದ ಕಡೆ. ನಮ್ಮ ಕಡೆ ರೋಗಿಯನ್ನು ನೋಡಲು ಹೋಗುವವರು ಎಳನೀರು ಒಯ್ಯುವುದು ವಾಡಿಕೆ. ಮೂತ್ರಪಿಂಡ ಕೆಟ್ಟವರಿಗೆ ಎಳನೀರಿನಲ್ಲಿರುವ ಪೊಟ್ಯಾಸಿಯಂ ಅಪಾಯಕಾರಿ. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಬಾಳೆಹಣ್ಣಿನದೂ ಅದೇ ಕಥೆ. ಹೀಗಾಗಿ ಪ್ರೀತಿಯಿಂದ ತಂದ ಎಳನೀರು ಮಂಚದ ಕೆಳಗೆ ಸಾಲಾಗಿ ಕುಳಿತಿರುತ್ತದೆ, ಬಾಯಾರಿದ ರೋಗಿ ಅದನ್ನು ನೋಡುತ್ತ ಮಲಗಿರುತ್ತಾನೆ. ಸಾಂತ್ವನದ ಸಿದ್ಧ ಮಾತುಗಳು ಮಾಡುವುದೂ ಇದನ್ನೇ. ಒಮ್ಮೆ ಒಬ್ಬ ಮುದುಕಿ ಬಂದು, ರೋಗಿಯ ಹೆಂಡತಿಯ ಪಕ್ಕದಲ್ಲಿ ಕುಳಿತು, ‘ಇವನಿಗೆ ಏನು ತಿನ್ನಬಹುದು, ಏನು ತಿನ್ನಬಾರದು, ಹೇಳಿಕೊಡು ತಾಯಿ’ ಎಂದು ಕೇಳಿ, ಬಾಯಿಪಾಠ ಮಾಡಿಕೊಂಡು ಹೋದರು. ಮಾರನೆಯ ಪಾಳಿಗೆ ಉಪ್ಪಿಲ್ಲದ ರೊಟ್ಟಿ ಮತ್ತು ಆ ರೋಗಿಗೆ ಆಗುವಂಥ ಪಲ್ಯ ಬಂದಿತ್ತು. ಆಕೆ ಸಾಕ್ಷಿ ಹೇಳುವವರಲ್ಲ, ಪ್ರಾರ್ಥನೆಯನ್ನೂ ಜೋರಾಗಿ ಮಾಡಿದವರಲ್ಲ.

ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಅಲ್ಲಿಯ ತನಕ ಅವರ ಮೇಲೆ ಯಾವ ದೂರೂ ಇಲ್ಲ. ಬಾಯಿ ತೆರೆದು ಕಾರಣ ವಿವರಿಸತೊಡಗಿದ ಮೇಲೆಯೇ ಕೆಲಸ ಕೆಟ್ಟದ್ದು, ಕೊನೆಗೆ ದೇವರ ಕೋಪಕ್ಕೂ ಗುರಿಯಾದದ್ದು. ಈಸ್ಟರಿಗೆ ಮೊದಲಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ನಾವು ಶಿಲುಬೆಯ ಹಾದಿಯನ್ನು, ಅಂದರೆ ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು, ಧ್ಯಾನಿಸುವಾಗ ಐದನೆಯ ಸ್ಥಳದಲ್ಲಿ ಕುರೇನ್ಯದ ಸೀಮೋನ ಬರುತ್ತಾನೆ. ಶಿಲುಬೆಗೇರಿಸುವುದನ್ನು ತಪ್ಪಿಸಲು ಅವನಿಂದಾಗಲಿಲ್ಲ. ಸ್ವಲ್ಪ ದೂರ ಮರವನ್ನು ಹೊತ್ತನು, ಅದೂ ಬಲವಂತಕ್ಕೆ. ಆದರೂ ಮೂರು ಸುವಾರ್ತೆಗಳು ಅವನ ಹೆಸರನ್ನು ಉಳಿಸಿಕೊಂಡಿವೆ.

ಸಹೋದರಿಯವರಿಗೆ ವ್ಯಾವಹಾರಿಕವಾದ ಒಂದು ಮಾತು. ಬಡತನ ರೇಖೆಯ ಕೆಳಗಿನವರಿಗೆ ಉಚಿತ ಡಯಾಲಿಸಿಸ್ ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮ 2016ರಲ್ಲೇ ಘೋಷಣೆಯಾಗಿದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಅದು ನಡೆಯುತ್ತದೆ. ಪಡಿತರ ಚೀಟಿಯ ಕಾಗದ ಸರಿಯಿಲ್ಲದೆ ಹಣ ಕಟ್ಟುತ್ತಿರುವ ಕುಟುಂಬಗಳನ್ನು ನಾನು ಕಂಡಿದ್ದೇನೆ. ನೀವು ಇಷ್ಟು ಕಾಲ ಈ ಓಡಾಟ ಮಾಡಿದವರು. ಯಾವ ಕಿಟಕಿಗೆ ಯಾವ ಕಾಗದ ಎಂಬುದು ನಿಮಗೆ ಬಾಯಲ್ಲೇ ಇರುತ್ತದೆ. ಪಕ್ಕದ ಹಾಸಿಗೆಗೆ ಹೊಸದಾಗಿ ಬಂದ ಜಗಳೂರು ಕಡೆಯ ಹೆಂಗಸಿಗೆ ಅದನ್ನು ತಿಳಿಸಿಕೊಟ್ಟರೆ, ಅದನ್ನು ಸಾಕ್ಷಿ ಎನ್ನಲು ನನಗೆ ಯಾವ ಸಂಕೋಚವೂ ಇಲ್ಲ.

ಉತ್ತರ: ಉಪನ್ಯಾಸಕಿ, ಚಿತ್ರದುರ್ಗ

ಹರಿಹರದವರ ಮಾತಿಗೆ ಚರಿತ್ರೆಯಿಂದ ಒಂದು ಉದಾಹರಣೆ ಕೊಡುತ್ತೇನೆ: ಸಮಾಜ ಸುಧಾರಕಿ ಪಂಡಿತಾ ರಮಾಬಾಯಿಯವರದು. ಬರವನ್ನು ಬಲ್ಲ ನಮ್ಮ ಜಿಲ್ಲೆಯವರಿಗೆ ಅದು ಬೇಗ ಅರ್ಥವಾಗುತ್ತದೆ. ಧಾತು ಈಶ್ವರ ಸಂವತ್ಸರಗಳ ಬರ, ಅಂದರೆ 1876–78ರದು, ಮೈಸೂರು ಸೀಮೆಯನ್ನು ಹಿಂಡಿದ್ದನ್ನು ನಾವೆಲ್ಲ ಓದಿದ್ದೇವೆ.

ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ; ಹರಿಹರದ ಮುಂದೆ ಹರಿಯುವ ನೀರೂ ಅಲ್ಲಿಯದೇ. ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಬಾರದೆಂಬ ಕಟ್ಟಳೆಯನ್ನು ಮೀರಿದ ತಂದೆ, ಪುರಾಣ ಹೇಳುತ್ತ ಕುಟುಂಬವನ್ನು ಕಟ್ಟಿಕೊಂಡು ಊರೂರು ಅಲೆದರು. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರಂತೆ ತೀರಿಕೊಂಡರು. ಅಣ್ಣನೊಂದಿಗೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿ ಆಕೆ ಕಲ್ಕತ್ತೆ ತಲುಪಿದರು; ಅಣ್ಣನೂ ಹೋದನು, ಮದುವೆಯಾದ ಎರಡೇ ವರ್ಷದಲ್ಲಿ ಗಂಡನೂ ಹೋದನು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು, ಹಿಂದಿರುಗಿ ಬಂದು 1889ರಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು.

ನಾನು ಗಮನ ಸೆಳೆಯಬೇಕೆಂದಿರುವುದು 1896ರ ಮೇಲೆ. ಮಧ್ಯ ಪ್ರಾಂತ್ಯದಲ್ಲಿ ಬರ ಬಿದ್ದ ಸುದ್ದಿ ಬಂದಾಗ ರಮಾಬಾಯಿಗೆ ಮರಳಿ ಬಂದದ್ದು ತಾನು ಹಸಿದ ದಿನಗಳ ನೆನಪು. ಆಕೆ ತಾನೇ ಅಲ್ಲಿಗೆ ಹೋಗಿ, ದಿಕ್ಕಿಲ್ಲದ ನೂರಾರು ಹುಡುಗಿಯರನ್ನೂ ವಿಧವೆಯರನ್ನೂ ಪುಣೆಯ ಹತ್ತಿರದ ಕೇಡಗಾವಿಗೆ ಕರೆತಂದರು. ಮುಕ್ತಿ ಮಿಷನ್ ಬೆಳೆದದ್ದು ಅಲ್ಲಿ. ತನ್ನ ತಂದೆತಾಯಿ ಹಸಿದು ಸತ್ತದ್ದು ಇದಕ್ಕಾಗಿಯೇ ಎಂಬ ಲೆಕ್ಕಾಚಾರ ನಮಗೆ ಸುಲಭ, ಏಕೆಂದರೆ ಸತ್ತವರು ನಮ್ಮವರಲ್ಲ. ಕಥೆಯೂ ಅಷ್ಟು ನೇರವಾಗಿ ಮುಗಿಯುವುದಿಲ್ಲ: ಮಿಷನ್ನಿನ ಹೊಣೆಯನ್ನು ಹೊರಬೇಕಾಗಿದ್ದ ಒಬ್ಬಳೇ ಮಗಳು ಮನೋರಮಾ 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡಳು, ರಮಾಬಾಯಿ 1922ರ ಏಪ್ರಿಲ್‌ನಲ್ಲಿ ಹೋದರು.

ಇದನ್ನು ಓದಿ ಸಹೋದರಿಯವರು ತಾನೂ ಏನಾದರೂ ದೊಡ್ಡದನ್ನು ಕಟ್ಟಬೇಕೇನೋ ಎಂದುಕೊಳ್ಳುವುದು ಬೇಡ. ನಮ್ಮ ಸಭೆಗಳಲ್ಲಿ ಈಗಾಗಲೇ ದಣಿದಿರುವ ಹೆಂಗಸರ ಮೇಲೆಯೇ ಸೇವೆಯ ಹೊರೆಯನ್ನೂ ಹೇರುವ ಅಭ್ಯಾಸವಿದೆ, ಮತ್ತು ಅದಕ್ಕೆ ಮಕೆದೋನ್ಯದ ಸಭೆಗಳ ಉದಾಹರಣೆಯನ್ನು ತಪ್ಪದೆ ಎತ್ತುತ್ತಾರೆ. ಕಡುಬಡತನದಲ್ಲಿಯೂ ಅವರು ಯೆರೂಸಲೇಮಿನ ದೇವಜನರಿಗಾಗಿ ಧಾರಾಳವಾಗಿ ಕೊಟ್ಟರು ಎಂಬುದು 2 ಕೊರಿಂಥ 8ರಲ್ಲಿ ಇದೆ, ನಿಜ. ಅದೇ ಅಧ್ಯಾಯದ ಮುಂದಿನ ಭಾಗವನ್ನು ಮಾತ್ರ ಯಾರೂ ಓದುವುದಿಲ್ಲ. ಇತರರ ಭಾರ ಇಳಿದು ನಿಮಗೆ ಭಾರವಾಗಬೇಕೆಂಬುದು ತನ್ನ ಉದ್ದೇಶವಲ್ಲ, ಸಮಾನತೆ ಇರಬೇಕು ಎಂದು ಪೌಲನು ಅಲ್ಲಿ ಹೇಳಿ, ಹೆಚ್ಚು ಕೂಡಿಸಿದವನಿಗೂ ಉಳಿಯದ, ಕಡಿಮೆ ಕೂಡಿಸಿದವನಿಗೂ ಕೊರತೆಯಾಗದ ಮನ್ನದ, ಅಂದರೆ ಇಸ್ರಾಯೇಲ್ಯರಿಗೆ ಅರಣ್ಯದಲ್ಲಿ ದೇವರು ಕೊಟ್ಟ ಆಹಾರದ, ಲೆಕ್ಕವನ್ನು ನೆನಪಿಸುತ್ತಾನೆ. ಆ ಲೆಕ್ಕದ ಪ್ರಕಾರ ನೀವು ಈಗ ಪಡೆಯುವ ಸರದಿಯಲ್ಲಿದ್ದೀರಿ. ಸಾಕ್ಷಿ ಹೇಳುವಾಗ ಸಭೆಯಿಂದ ನಿಮಗೇನು ಬೇಕೆಂಬುದನ್ನೂ ಹೇಳಿ. ಕೇಳಿದರೆ ಅದು ನಂಬಿಕೆಯ ಕೊರತೆಯಾಗದು. ಪೌಲನು ಕುಗ್ಗಿಹೋಗಿದ್ದಾಗ ದೇವರು ಅವನನ್ನು ಸಂತೈಸಿದ್ದು ಅವನ ಜೊತೆಸೇವಕ ತೀತನ ಬರುವಿಕೆಯಿಂದ ಎಂದು ಅದೇ ಪತ್ರಿಕೆಯ 7ನೆಯ ಅಧ್ಯಾಯದಲ್ಲಿದೆ. ಯಾರೋ ಒಬ್ಬರು ಪ್ರಯಾಣ ಮಾಡಿ ಬರಲೇಬೇಕಾಯಿತು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಯಜಮಾನರಿಗೆ ಎಲ್ಲ ಉತ್ತರಗಳನ್ನೂ ಓದಿ ಹೇಳಿದೆ. ಎಳನೀರಿನ ಭಾಗಕ್ಕೆ ಅವರು ನಕ್ಕರು. ಸೈತಾನನ ದೂತನೆಂಬ ಮಾತನ್ನು ಎರಡು ಸಲ ಓದಿಸಿದರು. ಕಷ್ಟವೇ ಕೃಪೆ ಎಂದು ಹೇಳಬೇಕಾಗಿಲ್ಲ ಎಂಬುದು ನನಗಿಂತ ಅವರಿಗೇ ಹೆಚ್ಚು ಹಗುರ ತಂದಂತಿದೆ.

ಹಿರಿಯರೊಂದಿಗೆ ಮಾತನಾಡಿ ಒಪ್ಪಿಕೊಂಡಿದ್ದೇನೆ. ಬಿಡುಗಡೆಯಾಗಿಲ್ಲ ಎಂಬುದನ್ನು ಮೊದಲೇ ಹೇಳಿ, ಅನಂತರ ಸಿಕ್ಕಿದ್ದನ್ನು ಹೇಳುತ್ತೇನೆ. ಎಣ್ಣೆ ಹಚ್ಚಿ ಪ್ರಾರ್ಥಿಸುವುದಕ್ಕೂ ಅವರು ಸಂತೋಷದಿಂದ ಒಪ್ಪಿದ್ದಾರೆ. ಯುವಜನರ ಜೊತೆಗಾರರ ಆ ಸಲಹೆ ಬರದಿದ್ದರೆ ನಾನಾಗಿ ಕೇಳುತ್ತಿರಲಿಲ್ಲ. ಉಪನ್ಯಾಸಕಿಯವರು ಹೇಳಿದಂತೆ ಒಂದನ್ನು ಕೇಳಲಿದ್ದೇನೆ: ಡಯಾಲಿಸಿಸ್ ನಡೆಯುವ ನಾಲ್ಕು ಗಂಟೆಗಳ ಹೊತ್ತು ಅವರ ಬಳಿ ಕುಳಿತುಕೊಳ್ಳಲು ವಾರದಲ್ಲಿ ಒಂದು ಪಾಳಿಗೆ ಯಾರಾದರೂ ಬಂದರೆ, ಆ ಹೊತ್ತಿನಲ್ಲಿ ಶಾಲಾ ಸಮವಸ್ತ್ರದ ಹೊಲಿಗೆಯನ್ನು ಮುಗಿಸಿಕೊಡಬಹುದು. ಕಾಗದಪತ್ರದ ವಿಷಯವನ್ನು ಆಸ್ಪತ್ರೆಯಲ್ಲಿ ಹೊಸಬರಿಗೆ ತಿಳಿಸುವ ಕೆಲಸವನ್ನಂತೂ ಆಗಲೇ ಮಾಡುತ್ತಿದ್ದೆ, ಅದಕ್ಕೆ ಇಂಥ ಹೆಸರಿದೆಯೆಂದು ಗೊತ್ತಿರಲಿಲ್ಲ.

ಒಂದೇ ಸಂದೇಹ ಉಳಿದಿದೆ. ಸಾಕ್ಷಿಗೆ ಮೊದಲು ಸತ್ಯವೇದದ ಒಂದು ಕೀರ್ತನೆಯನ್ನು ಓದಬೇಕೆಂದಿದ್ದಾರೆ. 88ನೆಯದನ್ನು ಓದಲು ಮನಸ್ಸಿದೆ, ಆದರೆ ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಕೃತಜ್ಞತಾ ಆರಾಧನೆಯಲ್ಲಿ ಅದು ಸಲ್ಲುತ್ತದೆಯೇ?

ಉತ್ತರ: ಕೋಟೆನಾಡಿನ ಓದುಗ, ಚಿತ್ರದುರ್ಗ

ಸಲ್ಲುತ್ತದೆ, ಸತ್ಯವೇದದಲ್ಲಿ ಇರುವುದೆಲ್ಲ ಸಭೆಯಲ್ಲಿ ಓದಲು ಇರುವುದೇ. ಆದರೆ ಆ ದಿನದ ಸಭೆಯಲ್ಲಿ ಮಕ್ಕಳೂ ಹೊಸಬರೂ ಇರುತ್ತಾರೆ, ನಿಮಗಿರುವ ಸಮಯವೂ ಸ್ವಲ್ಪ. 88ನ್ನು ವಿವರಿಸದೆ ಓದಿ ಬಿಟ್ಟರೆ ನಿಮ್ಮ ಸಾಕ್ಷಿ ಅದನ್ನು ಸಮರ್ಥಿಸುವುದರಲ್ಲೇ ಕಳೆದುಹೋದೀತು. 13ನೆಯ ಕೀರ್ತನೆಯನ್ನು ಓದಿ. ಆರೇ ವಚನ. ‘ಎಷ್ಟರವರೆಗೆ’ ಎಂಬ ಪ್ರಶ್ನೆ ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ ಬರುತ್ತದೆ, ಕೊನೆಯಲ್ಲಿ ಭರವಸೆಯೂ ಹಾಡೂ ಬರುತ್ತವೆ. ನಡುವೆ ಶತ್ರು ತೊಲಗಿದನೆಂದಾಗಲಿ ರೋಗ ವಾಸಿಯಾಯಿತೆಂದಾಗಲಿ ಎಲ್ಲಿಯೂ ಹೇಳಿಲ್ಲ. ಯಜಮಾನರಿಗೆ ಆ ದಿನ ಬರಲು ಸಾಧ್ಯವಾದರೆ ಅವರೇ ಓದಲಿ.